ಗೇರ್‌ಬಾಕ್ಸ್ ಆಯಿಲ್ ಬದಲಾಯಿಸೋದೇ ಬೇಡ್ವಾ?

ನಿಮ್ಮ ಲೇಖನದಲ್ಲಿ ಮಿಕ್ಕಿದ್ದೆಲ್ಲ ಸರಿ ಸಾರ್, ಆದ್ರೆ ಆಟೋಮ್ಯಾಟಿಕ್ ಪಿಕಪ್‌ಗಳ ಗೇರ್‌ಬಾಕ್ಸ್ ಸೀಲ್ಡ್, ಗಾಡಿ ಇರೋವರ್ಗೂ ಆಯಿಲ್ ಮುಟ್ಟೋದು ಬೇಡ ಅಂತ ಬರ್ದಿದೀರಲ್ಲ, ಅದನ್ನ ಒಪ್ಪಕ್ಕಾಗಲ್ಲ. ಸೀಲ್ಡ್ ಅಂದ್ರೆ ಆಯಿಲ್ ಲೆವೆಲ್ ನೋಡೋ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್, ಇಲ್ಲ ಅಷ್ಟೇ. ಹೈಲಕ್ಸೋ ವಿ-ಕ್ರಾಸೋ ಅಂಥ ಪಿಕಪ್ ತಗೊಂಡು ಬೆಂಗಳೂರಲ್ಲಿ ಆಫೀಸಿಗೆ ಓಡಾಡೋರ ಕತೆ ಬೇರೆ, ನಮ್ಮ ಸಕಲೇಶಪುರದ ಕಡೆ ಗೊಬ್ಬರದ ಮೂಟೆ ಹೇರ್ಕೊಂಡು ಫಸ್ಟು ಸೆಕೆಂಡ್ ಗೇರಲ್ಲೇ ತೋಟದ ಏರು ಹತ್ತೋವಾಗ ಇಂಜಿನ್ ಶಕ್ತಿನ ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸೋ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಸ್ಲಿಪ್ ಆಗ್ತಾನೇ ಇರತ್ತೆ, ಆ ಬಿಸಿಗೆ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡಿಯತ್ತೆ, ಕ್ಲಚ್ ಪ್ಲೇಟ್ ಸವೆದ ಪುಡಿ ಗೇರ್ ಬದಲಾಗಕ್ಕೆ ಆಯಿಲ್ ಹರಿಸೋ ವಾಲ್ವ್ ಬಾಡಿಯೊಳಗೆ ಸೇರ್ಕೊಂಡ್ರೆ ಗೇರ್ ಬೀಳೋವಾಗ ಜರ್ಕ್ ಶುರು. ನಾನಂತೂ 60,000 ಕಿಮೀ ಒಳಗೇ ಬದಲಾಯಿಸ್ತೀನಿ. ಒಂದ್ಸಲ ಡ್ರೈನ್ ಮಾಡಿದ್ರೆ ಪೂರ್ತಿ ಬರಲ್ಲ, ಕನ್ವರ್ಟರ್ ಒಳಗೆ ಬಹಳ ಉಳ್ಕೊಳತ್ತೆ, ಅದಕ್ಕೆ ಸ್ವಲ್ಪ ದಿನ ಓಡ್ಸಿ ಇನ್ನೊಂದ್ಸಲ ಇಳಿಸಿ ಹಾಕ್ಬೇಕು. ಲೆವೆಲ್ಲೂ ಅಷ್ಟೇ, ಇಂಜಿನ್ ಓಡ್ತಿರೋವಾಗ ಆಯಿಲ್ ಇಂತಿಷ್ಟೇ ಬಿಸಿ ಇದ್ದಾಗ ನೋಡ್ಬೇಕು, ಆ ಬಿಸಿ ತೋರ್ಸೋ ಸ್ಕ್ಯಾನರ್ ಇಲ್ದೆ ಕಣ್ಣಂದಾಜಲ್ಲಿ ತುಂಬಿಸೋ ಗ್ಯಾರೇಜಿಗೆ ಮಾತ್ರ ಗಾಡಿ ಬಿಡ್ಬೇಡಿ.