ಹಿಂದೆ, ಹಿಂದೆ, ಇನ್ನೂ ಸ್ವಲ್ಪ ಹಿಂದೆ

ದೋಣಿ ಮುಂದಕ್ಕೆ ಹೋಗುವ ವಸ್ತು ಎಂದು ನಂಬಿಕೊಂಡೇ ನಾನು ಸ್ಪ್ಲಿಟ್ ನಗರದಲ್ಲಿ ಅದನ್ನು ಹತ್ತಿದ್ದು. ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿಯಲ್ಲಿ ಅದು ಹಿಮ್ಮುಖವಾಗಿ ದಡ ಸೇರಬೇಕು. ದೋಣಿ ಕಟ್ಟುವ ಧಕ್ಕೆ ಚಿಕ್ಕದು, ದೋಣಿಗಳು ಹೆಚ್ಚು. ಹಾಗಾಗಿ ಎಲ್ಲವೂ ದಡಕ್ಕೆ ಬೆನ್ನು ಕೊಟ್ಟು, ಕಪಾಟಿನ ಪುಸ್ತಕಗಳಂತೆ ಒತ್ತಿಕೊಂಡು ನಿಲ್ಲುತ್ತವೆ. ಆ ಪುಸ್ತಕಗಳ ಸಂದಿಗೆ 12 ಮೀಟರ್ ಉದ್ದದ ಹಾಯಿದೋಣಿಯನ್ನು ಹಿಂದಿನಿಂದ ತೂರಿಸುವ ಕೆಲಸ ಪ್ರತಿ ಸಂಜೆ ನಮಗೆ ಕಾದಿರುತ್ತಿತ್ತು.

ನಾವು ನಾಲ್ವರು. ಗೆಳೆಯನ ಬಳಿ ದೋಣಿ ನಡೆಸುವ ಪರವಾನಗಿ, ರೇಡಿಯೋ ಬಳಸುವ ಪ್ರಮಾಣಪತ್ರ ಎರಡೂ ಇದ್ದವು. ಅವಿಲ್ಲದೆ ಅಲ್ಲಿ ಚಾಲಕನಿಲ್ಲದ ದೋಣಿಯನ್ನು ಬಾಡಿಗೆಗೆ ಕೊಡುವುದಿಲ್ಲ. ನನ್ನ ಅರ್ಹತೆ, ಗಂಟು ಹಾಕುವ ವಿಡಿಯೋ ಒಂದನ್ನು ಹನ್ನೊಂದು ಸಲ ನೋಡಿದ್ದು. ಬೌಲೈನ್ ಎಂಬ ಆ ಗಂಟಿನಲ್ಲಿ ಹಗ್ಗದ ತುದಿಯೆಂಬ ಮೊಲ ಕುಣಿಕೆಯೆಂಬ ಬಿಲದಿಂದ ಹೊರಬಂದು, ಮರ ಸುತ್ತಿ, ಮತ್ತೆ ಬಿಲ ಸೇರಬೇಕು. ಎಳೆದಷ್ಟೂ ಜಾರದು, ಬೇಕೆಂದಾಗ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ ಎಂಬುದು ಅದರ ಹೆಗ್ಗಳಿಕೆ. ನನ್ನ ಮೊಲ ಮಾತ್ರ ಮರ ಸುತ್ತಿ ಕಾಡುಪಾಲಾಗುತ್ತಿತ್ತು.

ಕಡಲಿನ ಮೇಲೆ ನನ್ನದೇನೂ ದೂರಿಲ್ಲ. ಬೆಳಿಗ್ಗೆ ಎಣ್ಣೆ ಹೊಯ್ದಂತೆ ನಯವಾಗಿರುತ್ತಿತ್ತು. ಆಗ ನಮ್ಮ ಹಾಯಿದೋಣಿ ನಾಚಿಕೆಯಿಲ್ಲದೆ ಡೀಸೆಲ್‌ನಲ್ಲಿ ಓಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಮಾಯೆಸ್ಟ್ರಾಲ್ ಎಂಬ ಸಾಧು ಗಾಳಿ ಬೀಸತೊಡಗಿದರೆ ಎಂಜಿನ್ ಆರಿಸಿ ಹಾಯಿ ಬಿಚ್ಚುತ್ತಿದ್ದೆವು. ಗಂಟೆಗೆ 5 ನಾಟಿಕಲ್ ಮೈಲು, ಅಂದರೆ ಸುಮಾರು 9 ಕಿಲೋಮೀಟರ್. ಬೈಸಿಕಲ್ಲಿನಲ್ಲಿ ಶಾಲೆಗೆ ಹೋಗುವ ಹುಡುಗನೂ ನಮ್ಮನ್ನು ಹಿಂದೆ ಹಾಕುವ ವೇಗ. ಆದರೂ ಚುಕ್ಕಾಣಿ ಹಿಡಿದವನ ಮುಖದಲ್ಲಿ ಹೊಸ ಖಂಡವೊಂದನ್ನು ಕಂಡುಹಿಡಿಯಲು ಹೊರಟ ಕಳೆ!

ಕಷ್ಟ ಶುರುವಾಗುತ್ತಿದ್ದದ್ದು ದಡ ಕಂಡ ಮೇಲೆ. ಅಲ್ಲಿನ ಪ್ರತಿ ಊರಿಗೂ ಕಡಲಂಚಿನಲ್ಲಿ ರೀವಾ ಎಂಬ ಬೀದಿಯಿದೆ. ಅಲ್ಲಿನ ಕುರ್ಚಿಗಳೆಲ್ಲ ಕಡಲಿಗೆ ಮುಖ ಮಾಡಿವೆ. ಸೂರ್ಯಾಸ್ತ ನೋಡಲು ಇರಬೇಕು ಎಂದುಕೊಂಡಿದ್ದೆ. ಜನ ನೋಡುವುದು ದೋಣಿ ಕಟ್ಟುವವರನ್ನು.

ಹ್ವಾರ್ ದ್ವೀಪದ ಸ್ತಾರಿಗ್ರಾದ್ ಕ್ರಿ.ಪೂ. 384ರಲ್ಲಿ ಗ್ರೀಕರು ನೆಲೆಯೂರಿದ ಊರು. ಅವರಾದರೂ ರೀವಾದ ಕುರ್ಚಿಗಳಿಲ್ಲದ ದಡಕ್ಕೆ ಬಂದ ಪುಣ್ಯವಂತರು. ಧಕ್ಕೆಯವನು ನೀರಿನಡಿಯಿಂದ ಒಂದು ಹಗ್ಗದ ತುದಿಯನ್ನು ಎತ್ತಿ ತೋರಿಸಿದ. ಅದರ ಇನ್ನೊಂದು ತುದಿ ಕಡಲ ತಳದಲ್ಲಿರುತ್ತದೆ. ಆ ಹಗ್ಗವನ್ನು ಕೊಕ್ಕೆಗೋಲಿನಿಂದ ಹಿಡಿದು, ದೋಣಿಯ ಹಿಂಭಾಗದಿಂದ ಮೂತಿಯವರೆಗೆ ನಡೆದು, ಎಳೆದು ಕಟ್ಟಬೇಕು. ವರ್ಷವಿಡೀ ನೀರಿನಲ್ಲಿದ್ದ ಹಗ್ಗ: ಮೇಲೆ ಪಾಚಿ, ನಡುನಡುವೆ ಬ್ಲೇಡಿನಂತಹ ಚಿಪ್ಪು, ಹಿಂಡಿದರೆ ಕಪ್ಪು ಕೆಸರು. ನಾನು ಬಿಳಿಯ ಅಂಗಿ ತೊಟ್ಟಿದ್ದೆ.

"ರೀ, ಹಗ್ಗ ಮಾತ್ರ ಬಿಡಬೇಡಿ!" ಎಂದು ಹೆಂಡತಿ ಕೂಗಿದಳು. ಬಿಡಲಿಲ್ಲ. ಆದರೆ ಹಾಯಿಕಂಬವನ್ನು ಬಿಗಿದ ತಂತಿಗಳ ಹೊರಗಿನಿಂದ ಹೋಗಬೇಕಾದವನು ಒಳಗಿನಿಂದ ಹೋದೆ. ಹಗ್ಗ ತಂತಿಗೆ ಸುತ್ತಿಕೊಂಡಿತು, ನಾನು ಹಗ್ಗಕ್ಕೆ ಸುತ್ತಿಕೊಂಡೆ, ದೋಣಿ ಅಡ್ಡ ತಿರುಗಿ ಪಕ್ಕದ ದೋಣಿಯವರ ಊಟದ ಮೇಜನ್ನು ವಿಚಾರಿಸಿಕೊಳ್ಳಲು ಹೊರಟಿತು. "ಪೊಮಾಲೊ, ಪೊಮಾಲೊ" ಎಂದ ಧಕ್ಕೆಯವನು. ನಿಧಾನ, ಅವಸರವೇನಿದೆ ಎಂದರ್ಥ. ಡಾಲ್ಮೇಷಿಯಾದ ಜೀವನದರ್ಶನವೇ ಈ ಒಂದು ಪದದಲ್ಲಿದೆಯಂತೆ. ರೀವಾದಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಮರುದಿನ ವಿಸ್ ದ್ವೀಪ. ಯುಗೊಸ್ಲಾವಿಯಾದ ಸೇನಾನೆಲೆಯಾಗಿದ್ದ ಕಾರಣ 1989ರವರೆಗೆ ಅಲ್ಲಿಗೆ ವಿದೇಶಿಯರಿಗೆ ಪ್ರವೇಶವಿರಲಿಲ್ಲ. ನಾವು ಎರಡು ಸಲ ಲಂಗರು ಹಾಕಿ, ಎರಡೂ ಸಲ ಬೇರೆಯವರ ಸರಪಳಿಯನ್ನೇ ಎತ್ತಿದ್ದನ್ನು ಕಂಡು ಊರಿನ ಹಿರಿಯರಿಗೆ ಆ ಕಾಲ ನೆನಪಾಗಿರಬಹುದು. ದೋಣಿಯ ಶೌಚಾಲಯ ಕಟ್ಟಿಕೊಂಡದ್ದೂ ಅಲ್ಲಿಯೇ. ತಿಂದದ್ದನ್ನು ಬಿಟ್ಟು ಬೇರೇನನ್ನೂ ಅದರೊಳಗೆ ಹಾಕಬಾರದು ಎಂದು ಗೆಳೆಯ ಮೊದಲ ದಿನವೇ ಹೇಳಿದ್ದ. ಕಾಗದ ಹಾಕಿದವರು ಯಾರೆಂದು ಈ ಬರಹದಲ್ಲಿ ಚರ್ಚಿಸುವುದಿಲ್ಲ.

ಕೊರ್ಚುಲಾದಲ್ಲಿ ಯೂಗೊ ಎಂಬ ಆಗ್ನೇಯದ ಗಾಳಿ ನಮ್ಮನ್ನು ಎರಡು ದಿನ ಕೂರಿಸಿತು. ಮೀನಿನ ಮುಳ್ಳಿನಂತೆ ಹರಡಿದ ಅಲ್ಲಿನ ಗಲ್ಲಿಗಳಲ್ಲಿ ಪಶ್ಚಿಮದವು ನೇರ, ಮಾಯೆಸ್ಟ್ರಾಲ್ ಒಳಗೆ ಬರಲಿ ಎಂದು; ಪೂರ್ವದವು ಡೊಂಕು, ಚಳಿಗಾಳಿ ಬೂರಾ ಮುಗ್ಗರಿಸಲಿ ಎಂದು. ಯೂಗೊ ಬೀಸುವಾಗ ಮನುಷ್ಯನ ತಲೆ ಕೆಡುತ್ತದೆಂದು ಹಳೆಯ ದುಬ್ರೊವ್ನಿಕ್ ಗಣರಾಜ್ಯದಲ್ಲಿ ಆ ಹೊತ್ತಿನ ಅಪರಾಧಗಳಿಗೆ ರಿಯಾಯಿತಿ ಇತ್ತು ಎಂಬ ಮಾತಿದೆ. ಶೌಚಾಲಯದ ಪ್ರಕರಣಕ್ಕೂ ಅದನ್ನು ಅನ್ವಯಿಸಬೇಕೆಂದು ವಾದಿಸಿದೆ. ಅದು ಯೂಗೊಗಿಂತ ಎರಡು ದಿನ ಮೊದಲಿನದು ಎಂದು ಹೆಂಡತಿ ತಳ್ಳಿಹಾಕಿದಳು.

ಗಾಳಿ ಇಳಿದ ಮೇಲೆ ಮ್ಲೇಟ್ ದ್ವೀಪದ ಸೋಬ್ರಾ. ಬೆಳ್ಳಂಬೆಳಗ್ಗೆ ಧಕ್ಕೆ ಪೂರ್ತಿ ಖಾಲಿ. ಹಿಂದೆ ಬರುವ ರಗಳೆಯೇ ಇಲ್ಲ, ಪಕ್ಕಕ್ಕೆ ತಾಗಿಸಿ ನಿಂತೆವು. ನಾನು ಹಗ್ಗ ಹಿಡಿದು ಹಾರಿ, ಕಬ್ಬಿಣದ ಬಳೆಗೆ ಮೊಲ, ಮರ, ಬಿಲ ಎಲ್ಲವನ್ನೂ ಸೇರಿಸಿ ಬಿಗಿದೆ. ಈ ಸಲ ಗಂಟು ಜಾರಲಿಲ್ಲ. ಅಷ್ಟರಲ್ಲಿ ಒಬ್ಬ ಎರಡೂ ಕೈ ಬೀಸುತ್ತಾ ಓಡಿ ಬಂದ. ಅವನ ಬಾಯಲ್ಲಿ ಪೊಮಾಲೊ ಇರಲಿಲ್ಲ. ಅದು ಕಾರು ಸಾಗಿಸುವ ಹಡಗಿನ ಜಾಗವಂತೆ. ತಿರುಗಿ ನೋಡಿದರೆ ಹಡಗು ಕೊಲ್ಲಿಯೊಳಗೆ ಬಂದಾಗಿತ್ತು.

ಉಗುರಿನಿಂದ ಕೆದಕಿದೆ, ಹಲ್ಲಿನಿಂದ ಕಚ್ಚಿದೆ, ಹೆಂಡತಿ ಎಸೆದ ಫೋರ್ಕಿನಿಂದ ತಿವಿದೆ. ಗಂಟು ಜಗ್ಗಲಿಲ್ಲ. ಕೊನೆಗೆ ಗೆಳೆಯ ದೋಣಿಯ ಕಡೆಯ ತುದಿಯನ್ನೇ ಬಿಡಿಸಿ, ಹಗ್ಗವನ್ನೂ ನನ್ನನ್ನೂ ದಡದಲ್ಲಿ ಬಿಟ್ಟು ಹೊರಟುಹೋದ. ಹಡಗಿನ ಕಟಕಟೆಗೆ ಒರಗಿ ನೂರಾರು ಜನ ನೋಡುತ್ತಿದ್ದರು. ಹಗ್ಗ ಹಿಡಿದು ನಿಂತ ನನ್ನನ್ನು ಧಕ್ಕೆಯ ಕೆಲಸದವನೆಂದುಕೊಂಡ ನಾವಿಕನೊಬ್ಬ ಹಡಗಿನ ಹಗ್ಗವನ್ನೂ ನನ್ನತ್ತ ಎಸೆದ.