ಮನೆಗೆ ಗಾಲಿ ಹಾಕಿಸುವ ಕುರಿತು

ಮಲೆನಾಡಿನಲ್ಲಿ ಕಾಗದಪತ್ರವೆಲ್ಲ ಸರಿಯಾಗಿರುವ ಮನೆಯೊಂದನ್ನು ತೋರಿಸಿ ಎಂದು ಯಾರಾದರೂ ಕೇಳಿದರೆ, ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವ ಕ್ಯಾಂಪರ್ ವ್ಯಾನನ್ನು ಧೈರ್ಯವಾಗಿ ತೋರಿಸಬಹುದು. ಅದಕ್ಕೆ ಆರ್‌ಸಿ ಇದೆ, ವಿಮೆ ಇದೆ, ಎಫ್‌ಸಿ ಇದೆ, ಹೊಗೆ ತಪಾಸಣೆಯ ಚೀಟಿ ಇದೆ. ಒಳಗೆ ಒಂದು ಸಂಸಾರ ಮಲಗುವಷ್ಟು ಹಾಸಿಗೆ, ಗ್ಯಾಸ್ ಒಲೆ, ಪುಟ್ಟ ಫ್ರಿಜ್ಜು, ಟಿ.ವಿ., ಎ.ಸಿ., ಮೂಲೆಯಲ್ಲಿ ಕಪಾಟಿನಷ್ಟು ಅಗಲದ ಶೌಚಾಲಯ. ಮನೆಗೆ ಬೇಕಾದುದೆಲ್ಲ ಇದ್ದು ನೆಲವೊಂದು ಮಾತ್ರ ಇಲ್ಲದ ಈ ಮನೆಗೆಂದೇ ಸರ್ಕಾರಗಳು ಕ್ಯಾರವಾನ್ ಪ್ರವಾಸೋದ್ಯಮದ ನೀತಿ ಬರೆದು, ಆರತಿ ಎತ್ತಿ ಕರೆಯುತ್ತಿವೆ. ನೆಲ, ಗೋಡೆ, ಹೆಂಚು ಎಲ್ಲ ಇದ್ದು, ಅರವತ್ತು ವರ್ಷಗಳಿಂದ ಒಲೆ ಉರಿಯುತ್ತಿದ್ದರೂ ಕಾಗದ ಮಾತ್ರ ಇಲ್ಲದ ಮನೆಗಳು ಇದೇ ಶಿವಮೊಗ್ಗ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಅತಿಥಿಗಳಿಗೆ ಮೊದಲ ಮಣೆ ಹಾಕುವುದು ನಮ್ಮ ಸಂಪ್ರದಾಯವಾದ್ದರಿಂದ ಅವುಗಳ ಸಂಗತಿ ತುಸು ಕಾಯಲಿ. ಕಾದು ಅವಕ್ಕೆ ಅಭ್ಯಾಸವೂ ಇದೆ.

ಅತಿಥಿ ಕುಟುಂಬವು ಪ್ರಕೃತಿಯ ಮಡಿಲಲ್ಲಿ ಮಲಗಬೇಕೆಂಬ ಹಂಬಲದಿಂದಲೇ ಹೊರಟಿರುತ್ತದೆ. ಆದರೆ ಕಾಡಿನ ಸೊಳ್ಳೆ, ಮಳೆಗಾಲದ ಉಂಬಳ, ಬೇಸಿಗೆಯ ಉಣುಗು ಇವೆಲ್ಲವೂ ಪ್ರಕೃತಿಗೇ ಸೇರಿದವು ಎಂಬ ಸಂಗತಿ ಜಾಹೀರಾತಿನಲ್ಲಿ ಇರಲಿಲ್ಲವಾಗಿ, ಕಿಟಕಿಗಳನ್ನೆಲ್ಲ ಭದ್ರಪಡಿಸಿ, ಎ.ಸಿ. ಹಾಕಿಕೊಂಡು, ಮಡಿಲಿನಿಂದ ಒಂದು ತಗಡಿನ ಅಂತರದಲ್ಲಿ ಮಲಗುತ್ತದೆ. (ಉಣುಗಿನ ವಿಚಾರದಲ್ಲಿ ಮಾತ್ರ ಅವರನ್ನು ನಗುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯಲ್ಲಿ ದರಗು ಗುಡಿಸಲು ಹೋದವರನ್ನು ಹುಡುಕಿಕೊಂಡು ಬರುತ್ತದೆ.) ಸಕ್ರೆಬೈಲಿನಲ್ಲಿ ಆನೆಗಳ ಸ್ನಾನ ಮುಗಿದ ಮೇಲೆ ತಲುಪುವುದು, ಆಗುಂಬೆಯಲ್ಲಿ ಸೂರ್ಯನ ಬದಲು ಮೋಡ ಮುಳುಗುವುದನ್ನು ನೋಡುವುದು ಎಲ್ಲ ಪ್ರವಾಸಿಗರ ಪಾಡೇ. ಕ್ಯಾಂಪರಿನವರ ವಿಶೇಷವೆಂದರೆ, ವೀಕ್ಷಣಾ ಕಟ್ಟೆಗೆ ಅಡ್ಡಲಾಗಿ ವಾಹನ ನಿಲ್ಲಿಸಿ, ಆ ಮೋಡವೂ ಉಳಿದವರಿಗೆ ಕಾಣದಂತೆ ನೋಡಿಕೊಳ್ಳುವುದು.

ನಿಜವಾದ ಅನುಭವ ಶುರುವಾಗುವುದು ಕಪಾಟಿನಷ್ಟು ಅಗಲದ ಆ ಶೌಚಾಲಯದ ತೊಟ್ಟಿ ತುಂಬಿದಾಗ. ತೊಟ್ಟಿಯನ್ನು ಎಲ್ಲಿ ಬರಿದುಮಾಡಬೇಕೆಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. ತೀರ್ಥಹಳ್ಳಿ ಕಡೆಯ ರಸ್ತೆಯೊಂದರಲ್ಲಿ, ಮೋರಿಯ ಪಕ್ಕ ವಾಹನ ನಿಂತಿದೆ. ಯಜಮಾನರು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಗಾಲಿಯಿರುವ ಬೂದು ಬಣ್ಣದ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಇಳಿಜಾರಿಗೆ ಇಳಿದಿದ್ದಾರೆ. ಎದುರಿನ ತೋಟದಿಂದ ಕತ್ತಿ ಹಿಡಿದವರೊಬ್ಬರು ಬಂದಿದ್ದಾರೆ.

“ಅಲ್ಲಿ ಬ್ಯಾಡ ಮಾರಾಯ್ರೆ, ಅದು ನಾವು ಕುಡಿಯೋ ನೀರಿನ ಹಳ್ಳ.”

“ಏನೂ ಆಗಲ್ಲ ಸರ್, ಇದರಲ್ಲಿ ಹಾಕಿರೋ ಕೆಮಿಕಲ್ ಪರಿಸರಸ್ನೇಹಿ.”

“ಕೆಮಿಕಲ್ಲಿನ ಮಾತು ಬಿಡಿ, ಉಳಿದದ್ದು?”

ಈ ಪ್ರಶ್ನೆಗೆ ಕರಪತ್ರದಲ್ಲಿ ಉತ್ತರವಿಲ್ಲ. ನೀತಿ ಬರೆಯುವವರು ಹಾಸಿಗೆ ಎಣಿಸಿದಷ್ಟು ಶ್ರದ್ಧೆಯಿಂದ ತೊಟ್ಟಿಗಳನ್ನು ಎಣಿಸಿದ್ದರೆ, ತುಂಗೆಗೆ ಸೇರುವ ಹಳ್ಳಗಳಿಗೆ ಇಂಥ ಆತಿಥ್ಯ ತಪ್ಪುತ್ತಿತ್ತು.

ಮುಂದಿನ ನಿಲ್ದಾಣ ಸಿಗಂದೂರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ತುಮರಿ ಭಾಗದ ಊರುಗಳು ಹಿನ್ನೀರಿನ ಆಚೆ ಉಳಿದವು. ಅಂದಿನಿಂದ ಅಲ್ಲಿನವರು ಹೆರಿಗೆ ನೋವನ್ನೂ ಹಾವು ಕಡಿತವನ್ನೂ ಲಾಂಚಿನ ವೇಳಾಪಟ್ಟಿಗೆ ಹೊಂದಿಸಿಕೊಳ್ಳಬೇಕಾಗಿತ್ತು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಕಾಯಿಲೆ ಬೀಳುವುದು ಅವಿವೇಕವೆನಿಸಿಕೊಳ್ಳುತ್ತಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಆ ಸೇತುವೆಗೆ ಆರು ದಶಕ ಕಾದವರು ಅದನ್ನು ದಾಟುವಾಗ, ನಟ್ಟನಡುವೆ ವ್ಯಾನು ನಿಲ್ಲಿಸಿ ಡ್ರೋನ್ ಹಾರಿಸುತ್ತಿರುವ ಕುಟುಂಬದ ಹಿಂದೆ ಮತ್ತೆ ಕಾಯುತ್ತಾರೆ. ಆ ಕುಟುಂಬಕ್ಕೆ ಈ ಭಾಗದಲ್ಲಿ ಅತ್ಯಂತ ಹಿಡಿಸುವುದು ಮೊಬೈಲ್ ಸಿಗ್ನಲ್ ಸಿಗದಿರುವುದು. ಸಿಗ್ನಲ್ ಇಲ್ಲದ ರಾತ್ರಿಗೆ ‘ಡಿಜಿಟಲ್ ಉಪವಾಸ’ ಎಂದು ಹೆಸರಿಟ್ಟು ಹೆಚ್ಚು ದುಡ್ಡು ಕೊಡುವವರಿದ್ದಾರೆ. ಅದೇ ಉಪವಾಸವನ್ನು ಪುಕ್ಕಟೆಯಾಗಿ ಮಾಡಿದ್ದ ಕರೂರು ಸೀಮೆಯ ಜನ, ಮಕ್ಕಳ ಆನ್‌ಲೈನ್ ಪಾಠಕ್ಕೆ ಗುಡ್ಡ ಹತ್ತಿ ಸಾಕಾಗಿ, ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ಫಲಕ ಹಿಡಿದು ಕುಳಿತರು. ಉಪವಾಸದ ಮಹಿಮೆ ಅವರಿಗೆ ಗೊತ್ತಾಗಲೇ ಇಲ್ಲ.

ಕೊನೆಗೆ ಜೋಗ. ಬೇಸಿಗೆಯಲ್ಲಿ 830 ಅಡಿಯ ಬಂಡೆಯ ಮೇಲೆ ನೂಲಿನ ಎಳೆಯಷ್ಟು ನೀರು ಕಂಡು ಕುಟುಂಬಕ್ಕೆ ಮೋಸಹೋದಂತಾಗುತ್ತದೆ. “ನೀರು ಎಷ್ಟು ಗಂಟೆಗೆ ಬಿಡ್ತಾರೆ?” ಎಂದು ಟಿಕೆಟ್ ಕೊಡುವವನನ್ನು ವಿಚಾರಿಸಿ, ಸರಿಯಾದ ಉತ್ತರ ಸಿಗದೆ, ರೆಸಾರ್ಟಿನ ಅಂಗಳಕ್ಕೆ ಹೋಗಿ ವ್ಯಾನಿನ ತಂತಿಯನ್ನು ಪ್ಲಗ್ಗಿಗೆ ಸಿಕ್ಕಿಸಿ ಎ.ಸಿ. ಹಾಕಿಕೊಂಡು ಮಲಗುತ್ತದೆ. ಅವರು ನೋಡಲು ಬಂದ ನೀರು ಲಿಂಗನಮಕ್ಕಿಯಲ್ಲಿ ನಿಂತು, ತಲಕಳಲೆಗೆ ಹರಿದು, 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರದ ಟರ್ಬೈನು ತಿರುಗಿಸಿ, ತಂತಿ ಹಿಡಿದು ಅವರ ಎ.ಸಿ.ಯೊಳಗೇ ಬಂದು ಗುಂಯ್‌ಗುಡುತ್ತಿರುವುದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಆ ನೀರಿಗೆ ಜಾಗ ಬಿಟ್ಟುಕೊಟ್ಟವರೇ ಮೊದಲು ಕಾಯಲು ಹೇಳಿದ್ದ ಮನೆಗಳವರು. ಸಾವಿರಾರು ಕುಟುಂಬಗಳನ್ನು ಲಾರಿಗಳಲ್ಲಿ ತುಂಬಿ ತಂದು ಕಾಡಿನ ನಡುವೆ ಇಳಿಸಿದ ಸರ್ಕಾರ, ಇಳಿಸಿದ ಜಾಗ ಅರಣ್ಯ ಭೂಮಿಯೆಂಬುದನ್ನು ಅವರು ಮನೆ ಕಟ್ಟಿ, ತೋಟ ಎಬ್ಬಿಸಿ, ಮೊಮ್ಮಕ್ಕಳನ್ನು ಕಂಡ ಮೇಲೂ ಮರೆತಿಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಕೇಳೋಣವೆಂದರೆ, ಬುಡಕಟ್ಟಿನವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದುದಕ್ಕೆ ದಾಖಲೆ ಕೊಡಬೇಕು. ಅರವತ್ತರ ದಶಕದಲ್ಲಿ ಸರ್ಕಾರವೇ ತಂದು ಇಳಿಸಿದವನಿಗೆ ಉಳಿದ ಮೂವತ್ತು ವರ್ಷಗಳ ದಾಖಲೆ ಬೇಕೆಂದರೆ ಹಿನ್ನೀರಿನಲ್ಲಿ ಮುಳುಗು ಹಾಕಿ ಹುಡುಕಬೇಕು.

ಆದ್ದರಿಂದ ನನ್ನ ವಿನಮ್ರ ಸಲಹೆಯೆಂದರೆ, ಮುಳುಗಡೆ ಸಂತ್ರಸ್ತರು ಕಂದಾಯ, ಅರಣ್ಯ ಇಲಾಖೆಗಳಿಗೆ ಅಲೆಯುವುದನ್ನು ಬಿಟ್ಟು ತಮ್ಮ ಮನೆಗಳಿಗೆ ಗಾಲಿ ಹಾಕಿಸಿಕೊಂಡು ನೇರವಾಗಿ ಆರ್‌ಟಿಒ ಕಚೇರಿಗೆ ಹೋಗಬೇಕು. ಅಲ್ಲಿ ಮೂರು ತಲೆಮಾರಿನ ಸಾಕ್ಷ್ಯ ಕೇಳುವುದಿಲ್ಲ. ಹೆಡ್‌ಲೈಟು ಉರಿದರೆ ಸಾಕು. ಹಕ್ಕುಪತ್ರದ ಬದಲು ನಂಬರ್ ಪ್ಲೇಟು ಸಿಗುತ್ತದೆ, ಒಕ್ಕಲೆಬ್ಬಿಸುವ ನೋಟಿಸಿನ ಬದಲು ಸ್ವಾಗತ ಕಮಾನು. ಬಚ್ಚಲ ಹಂಡೆ ಮತ್ತು ಕೊಟ್ಟಿಗೆಯ ಹೊರೆಗೆ ಗಟ್ಟಿಯಾದ ಆಕ್ಸೆಲ್ ಬೇಕಾದೀತು. ಅಡಿಕೆ ತೋಟಕ್ಕೆ ಗಾಲಿ ಹಾಕುವ ತಂತ್ರಜ್ಞಾನ ಇನ್ನೂ ಬಂದಿಲ್ಲವಾದ್ದರಿಂದ ಅದರ ಮಟ್ಟಿಗೆ ಒತ್ತುವರಿಯ ಮೊಕದ್ದಮೆ ಹಾಗೆಯೇ ಮುಂದುವರಿಯುತ್ತದೆ. ತಾವು ಅಲ್ಲಿ ಶನಿವಾರ, ಭಾನುವಾರ ಮಾತ್ರ ವಾಸಿಸುವುದಾಗಿ ಮುಚ್ಚಳಿಕೆ ಬರೆದುಕೊಟ್ಟರೆ ಕೆಲಸ ಇನ್ನೂ ಬೇಗ ಆಗುತ್ತದೆ. ಅರ್ಜಿಯಲ್ಲಿ ‘ಎಲ್ಲಿಂದ ಬಂದಿದ್ದೀರಿ’ ಎಂಬ ಕಲಮಿನ ಎದುರು ಮಾತ್ರ ಅಪ್ಪಿತಪ್ಪಿಯೂ ಮುಳುಗಿದ ಊರಿನ ಹೆಸರು ಬರೆಯದೆ ಬೆಂಗಳೂರು ಎಂದು ಬರೆಯುವುದು ಕ್ಷೇಮ. ಮುಳುಗಿದ ಊರಿಗೆ ಪಿನ್‌ಕೋಡ್ ಇಲ್ಲದ್ದರಿಂದ ಕಂಪ್ಯೂಟರು ಅರ್ಜಿಯನ್ನು ಮುಂದಕ್ಕೆ ಬಿಡುವುದಿಲ್ಲ.