ನಮ್ಮ ಮಲೆನಾಡಿನಲ್ಲಿ ಒಂದು ಸಣ್ಣ ಮನೆ ಕಟ್ಟೋದು ಯಾಕಿಷ್ಟು ಕಷ್ಟ?

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶ ಉಳಿಸಬೇಕು ಎನ್ನುವ ಕಸ್ತೂರಿರಂಗನ್ ವರದಿಯ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಒಂದೇ ಮಾತು. "ಅದು ಜಾರಿಗೆ ಬಂದ್ರೆ ಇನ್ನು ಮನೆಗೆ ಒಂದು ಕಲ್ಲು ಇಡೋ ಹಾಗಿಲ್ಲ." ಸಾಗರ, ಹೊಸನಗರ, ತೀರ್ಥಹಳ್ಳಿ, ಎಲ್ಲಿ ಹೋದರೂ ಇದೇ ಕೇಳುತ್ತೇನೆ. 2014ರ ಮಾರ್ಚಿನಿಂದ 2024ರ ಜುಲೈವರೆಗೆ ಕೇಂದ್ರ ಸರ್ಕಾರ ಅದನ್ನು ಜಾರಿ ಮಾಡುವ ಅಧಿಸೂಚನೆಯ ಕರಡನ್ನು ಆರು ಸಲ ಹೊರಡಿಸಿತು. ನಮ್ಮ ರಾಜ್ಯದ 20,668 ಚದರ ಕಿಲೋಮೀಟರ್ ಜಾಗ ಅದರಲ್ಲಿದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಇದು ನಮಗೆ ಬೇಡ ಎಂದಿತು. ಆ ಹತ್ತು ವರ್ಷದಲ್ಲಿ ಒಂದು ಕರಡೂ ಅಂತಿಮವಾಗಲಿಲ್ಲ. ಆದರೆ ಸೈಟಿನ ಬೆಲೆ ಮಾತ್ರ ಏರುತ್ತಲೇ ಹೋಯಿತು, ಅಲ್ವಾ? ಜಾರಿಗೇ ಬಾರದ ಕಾನೂನು ಬೆಲೆ ಏರಿಸಿತು ಅಂದರೆ ಹೇಗೆ ಒಪ್ಪೋದು?

ಮನೆ ಪ್ಲಾನ್ ಹಾಕೋದು, ಎಸ್ಟಿಮೇಟ್ ಬರೆಯೋದು, ಲೈಸೆನ್ಸ್ ಮಾಡಿಸಿಕೊಡೋದು ನನ್ನ ಕೆಲಸ. ಹಾಗಾಗಿ ಆ ಕರಡನ್ನು ಕೂತು ಓದಿದ್ದೇನೆ. ಅದರಲ್ಲಿ ನಿಷೇಧ ಇರೋದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ. ಅಂದರೆ ಎರಡು ಲಕ್ಷ ಚದರ ಅಡಿಗೂ ಜಾಸ್ತಿ. ಟೌನ್‌ಶಿಪ್ ಆದರೆ 50 ಹೆಕ್ಟೇರ್ ಮೇಲ್ಪಟ್ಟದ್ದು. ಈಗಿರುವ ಮನೆ ರಿಪೇರಿ ಮಾಡೋದಕ್ಕೆ, ವಿಸ್ತರಿಸೋದಕ್ಕೆ ತಡೆ ಇಲ್ಲ ಎಂದು ಸ್ಪಷ್ಟವಾಗಿಯೇ ಬರೆದಿದ್ದಾರೆ. ಸಾವಿರ ಚದರ ಅಡಿಯ ಮನೆ ಕಟ್ಟುವವರು ಈ ಸಾಲು ನೋಡಿ ಹೆದರಬೇಕಾಗಿಲ್ಲ.

ಹೆದರಬೇಕಾದ ಸಾಲು ಬೇರೆ ಇದೆ. ಕಲ್ಲು ಗಣಿ, ಮರಳು ತೆಗೆಯೋದು ಪೂರ್ತಿ ಬಂದ್. ಈಗಿರುವ ಗಣಿಗಳು ಅಂತಿಮ ಆದೇಶವಾದ ಐದು ವರ್ಷದೊಳಗೆ, ಇಲ್ಲವೇ ಲೀಸು ಮುಗಿದಾಗ, ಯಾವುದು ಮೊದಲೋ ಆಗ ನಿಲ್ಲಬೇಕು. ಜಂಬಿಟ್ಟಿಗೆ ಕಲ್ಲು, ಜಲ್ಲಿ, ಮರಳು ಎಲ್ಲ ಘಟ್ಟದ ಆಚೆಯಿಂದ ಲಾರಿಯಲ್ಲಿ ಬರಬೇಕು ಅಂದರೆ ಮನೆಯ ಖರ್ಚು ಏರುತ್ತದೆ. ಅದು ನಿಜವಾದ ಪ್ರಶ್ನೆ. ವಿರೋಧ ಮಾಡುವವರು ಅದನ್ನು ಹಿಡಿದು ಮಾತಾಡಿದ್ದರೆ ಹಳ್ಳಿಯವರಿಗೆ ಬೇಕಾದಷ್ಟು ಕಲ್ಲಿಗೆ ರಿಯಾಯಿತಿ ಕೇಳಬಹುದಿತ್ತು. ನಾವು ಬಂದ್ ಮಾಡಿ ಮನೆಗೆ ಹೋದೆವು.

ಈಗ ನಿಜಕ್ಕೂ ಜಾರಿಯಲ್ಲಿರುವ ಕಾನೂನಿಗೆ ಬರೋಣ.

"ಮಗನಿಗೆ ಮದುವೆ ಆಯ್ತು, ತೋಟದ ಮೇಲ್ಬದಿಗೆ ಒಂದು ಮನೆ ಪ್ಲಾನ್ ಹಾಕ್ಕೊಡಿ ಮಾರಾಯ್ರೆ" ಅಂತ ಯಜಮಾನರು ಬರುತ್ತಾರೆ. ಜಾಗ ಅವರದ್ದೇ, ಪಹಣಿ ಅವರ ಹೆಸರಲ್ಲೇ ಇದೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ರೈತ ತನ್ನ ಜಮೀನಿನ ಹತ್ತನೇ ಒಂದು ಭಾಗದೊಳಗೆ ತೋಟದ ಮನೆ ಕಟ್ಟಿಕೊಳ್ಳಬಹುದು. ಆದರೆ ಸಾಲ ಬೇಕು ಅಂದ ತಕ್ಷಣ ಬ್ಯಾಂಕಿನವರು ಕೇಳೋದು ಇ-ಸ್ವತ್ತಿನ 9 ಮತ್ತು 11, ಅಂದರೆ ಪಂಚಾಯಿತಿ ಆನ್‌ಲೈನಿನಲ್ಲಿ ಕೊಡುವ ಆಸ್ತಿ ದಾಖಲೆಯ ನಮೂನೆಗಳು. ಅದು ಬೇಕಾದರೆ ಕನ್ವರ್ಷನ್ ಆಗಬೇಕು, ಅಂದರೆ ಕೃಷಿ ಜಮೀನು ಮನೆ ಜಾಗವಾಗಿ ಬದಲಾಗಬೇಕು. ಅದಕ್ಕೆ 11ಇ ನಕ್ಷೆ (ಜಮೀನಿನ ಆ ಭಾಗವನ್ನು ಗುರುತಿಸುವ ಸರ್ವೆ ನಕ್ಷೆ), ಸರ್ವೆ, ಇಲಾಖೆಗಳ ಅಭಿಪ್ರಾಯ, ಜಿಲ್ಲಾಧಿಕಾರಿಗಳ ಆದೇಶ. ನಡುವೆ ಎಲ್ಲೋ ಒಂದು ಕಡೆ "ಪಕ್ಕದ ಸರ್ವೆ ನಂಬರ್ ಅರಣ್ಯ, ಗಡಿ ಸ್ಪಷ್ಟ ಇಲ್ಲ" ಎಂಬ ಷರಾ ಬಿತ್ತೋ, ಕಡತ ಅಲ್ಲೇ ಮಲಗುತ್ತದೆ.

ಇದರಲ್ಲಿ ಸಣ್ಣವರಿಗೆ ಆಗುವ ಅನ್ಯಾಯ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಐದು ಗುಂಟೆಗೂ ಐದು ಎಕರೆಗೂ ಓಡಾಟ ಹೆಚ್ಚುಕಮ್ಮಿ ಒಂದೇ. ಐದು ಎಕರೆಯ ಲೇಔಟಿನವನು ರಸ್ತೆ, ಪಾರ್ಕಿಗೆ ಅರ್ಧ ಜಾಗ ಬಿಟ್ಟರೂ 30-40ರ 90 ಸೈಟು ಮಾಡುತ್ತಾನೆ. ಓಡಾಟದ ಖರ್ಚು, ಬಡ್ಡಿ, ಬಿಟ್ಟುಕೊಟ್ಟ ಜಾಗದ ಬೆಲೆ ಎಲ್ಲವನ್ನೂ ಆ 90 ಸೈಟಿನ ಮೇಲೆ ಹಂಚಿ ನಮ್ಮ ನಿಮ್ಮಿಂದ ವಸೂಲಿ ಮಾಡುತ್ತಾನೆ. ತೋಟದ ಯಜಮಾನರಿಗೆ ಹಂಚಲು ಯಾರೂ ಇಲ್ಲ. ಅಷ್ಟೂ ಒಂದೇ ಮನೆಯ ತಲೆ ಮೇಲೆ. ಕಾಗದ ಸರಿ ಇರುವ ಸೈಟು ಕಡಿಮೆ, ಕೇಳುವವರು ಜಾಸ್ತಿ. ಬೆಲೆ ಏರದೆ ಇನ್ನೇನಾಗುತ್ತದೆ?

ಆ ಬೆಲೆ ಕೊಡಲಾಗದವರು ರೆವಿನ್ಯೂ ಸೈಟು, ಅಂದರೆ ಕನ್ವರ್ಷನ್ ಆಗದ ಜಮೀನಿನ ಸೈಟು, ಹಿಡಿಯುತ್ತಾರೆ. ಬಾಂಡ್ ಪೇಪರಿನ ಮೇಲೆ ಬರೆಸಿಕೊಳ್ಳುತ್ತಾರೆ. ಕೂಲಿ ಮಾಡಿ ಗೋಡೆ ಎಬ್ಬಿಸಿದ ಮೇಲೆ ಖಾತೆ ಇಲ್ಲ ಎನ್ನುತ್ತಾರೆ. 2025ರಲ್ಲಿ ನಗರ, ಪಟ್ಟಣಗಳಲ್ಲಿ ಅನಧಿಕೃತ ಸೈಟು, ಮನೆಗಳಿಗೆ ದಾಖಲೆ ಕೊಡುವ ಬಿ ಖಾತಾ ಅಭಿಯಾನ ಶುರು ಮಾಡಿದ್ದು ಇಂಥವರ ಸಂಖ್ಯೆ ಅಷ್ಟಿರುವುದರಿಂದಲೇ.

ಅರಣ್ಯದ ಗಡಿ ವಿಷಯ ಇನ್ನೂ ಕಷ್ಟದ್ದು. 1963ರ ಅರಣ್ಯ ಕಾಯ್ದೆಯಲ್ಲಿ ಸೆಕ್ಷನ್ 4 ಅಂದರೆ "ಈ ಜಾಗವನ್ನು ಅರಣ್ಯ ಮಾಡುವ ಉದ್ದೇಶವಿದೆ" ಎಂಬ ಪ್ರಕಟಣೆ. ಆಮೇಲೆ ಅಧಿಕಾರಿ ಬಂದು ಅಲ್ಲಿನವರ ಹಕ್ಕು ವಿಚಾರಿಸಿ ತೀರ್ಮಾನಿಸಬೇಕು. ಸೆಕ್ಷನ್ 17ಕ್ಕೆ ಬಂದಾಗ ಅದು ಪಕ್ಕಾ ಅರಣ್ಯ. ನಮ್ಮ ಎಷ್ಟೋ ಊರುಗಳು ದಶಕಗಳಿಂದ 4 ಮತ್ತು 17ರ ನಡುವೆ ಸಿಕ್ಕಿಕೊಂಡಿವೆ. ಕಾನು (ಊರ ಪಕ್ಕದ ದಟ್ಟ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಗುಡ್ಡ), ಗೋಮಾಳ, ಎಲ್ಲದರಲ್ಲೂ ಇದೇ ಗೋಜಲು. ಡೀಮ್ಡ್ ಫಾರೆಸ್ಟ್ ನೋಡಿ, ಅಂದರೆ ಅರಣ್ಯ ಎಂದು ಪ್ರಕಟಿಸದಿದ್ದರೂ ಅರಣ್ಯದಂತೆ ಪರಿಗಣಿಸುವ ಜಾಗ. ಮೊದಲು ಸುಮಾರು 9.9 ಲಕ್ಷ ಹೆಕ್ಟೇರ್ ಎಂದಿದ್ದರು. 2022ರಲ್ಲಿ ಅದು 3.3 ಲಕ್ಷಕ್ಕೆ ಇಳಿಯಿತು. ಪಟ್ಟಿಯಿಂದ ಬಿಟ್ಟುಹೋದ ಜಾಗದಲ್ಲಿ ಮನೆ ಕಟ್ಟಿಕೊಂಡು ವರ್ಷಗಟ್ಟಲೆ ಭಯದಲ್ಲಿ ಬದುಕಿದವರಿಗೆ ಯಾರು ಉತ್ತರ ಕೊಡುತ್ತಾರೆ?

ಶರಾವತಿ ಸಂತ್ರಸ್ತರ ಕತೆ ಬರೆಯುವಾಗ ನನಗೆ ಸಿಟ್ಟು ಬರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಯಿತು. ರಾಜ್ಯಕ್ಕೆಲ್ಲ ಕರೆಂಟ್ ಬಂತು. ಗದ್ದೆ, ತೋಟ, ಮನೆ ಮುಳುಗಿಸಿಕೊಂಡವರನ್ನು ಕಾಡಿನೊಳಗೆ ತಂದು ಬಿಟ್ಟರು, ಹಕ್ಕುಪತ್ರ ಸರಿಯಾಗಿ ಕೊಡಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದಕ್ಕೆ ಕೇಂದ್ರದ ಒಪ್ಪಿಗೆ ಬೇಕಾಯಿತು. ಆ ಒಪ್ಪಿಗೆ ಇಲ್ಲದೆಯೇ ರಾಜ್ಯ ಸರ್ಕಾರ ಆ ಜಾಗವನ್ನು ಡಿನೋಟಿಫೈ ಮಾಡಿತು, ಅಂದರೆ ಅರಣ್ಯದಿಂದ ಕೈಬಿಟ್ಟಿತು, 2021ರಲ್ಲಿ ಅದೂ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಮೊಮ್ಮಕ್ಕಳ ಕಾಲ ಬಂದಿದೆ. ಆವಾಸ್ ಯೋಜನೆಯ 1.20 ಲಕ್ಷ ರೂಪಾಯಿ ಪಡೆಯಲು ಹೋದರೂ ಜಾಗದ ದಾಖಲೆ ಎಲ್ಲಿ ಎಂಬ ಪ್ರಶ್ನೆ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದರು. ಉಳುವವನಿಗೆ ಹೊಲ ಸಿಕ್ಕಿತು. ಇರುವವನಿಗೆ ಮನೆ ಇನ್ನೂ ಪೂರ್ತಿ ಸಿಕ್ಕಿಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯನ್ನು ಸಕ್ರಮ ಮಾಡುವ 94ಸಿ ಅಡಿ ಅರ್ಜಿ ಹಾಕಿದವರಲ್ಲಿ ಕಂದಾಯ ಜಾಗದವರಿಗೆ ದಾರಿ ಇದೆ. ಜಾಗ ಅರಣ್ಯ ಅಂತಾದರೆ ಆ ದಾರಿಯೂ ಇಲ್ಲ.

ಹಾಗಾದರೆ ಕಾನೂನೇ ಬೇಡವೇ? ಖಂಡಿತ ಬೇಕು. ಇಲ್ಲಿ ನನ್ನ ಕೆಲವು ಗೆಳೆಯರಿಗೂ ನನಗೂ ಜಗಳ ಇದೆ. 2018ರಲ್ಲಿ ಕೊಡಗಿನ ಗುಡ್ಡ ಕುಸಿತ ನೋಡಿದೆವು. 2024ರ ಜುಲೈನಲ್ಲಿ ಶಿರೂರು, ಎರಡೇ ವಾರದಲ್ಲಿ ವಯನಾಡು. ನಮ್ಮಲ್ಲೂ ಮಳೆಗಾಲ ಬಂದರೆ ಧರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ಜರಿದ ಸುದ್ದಿ ಬರದ ವರ್ಷ ಇಲ್ಲ. ಧರೆ ಕಡಿದು ಅದರ ಬುಡದಲ್ಲಿ ಮನೆ ಕಟ್ಟುವವರು ಯಾರು? ಚಂದಕ್ಕೆ ಕಟ್ಟುವವರು ಕಡಿಮೆ. ಸಪಾಟಾದ, ಕಾಗದ ಸರಿ ಇರುವ ಜಾಗ ಕೊಳ್ಳಲು ಆಗದವರೇ ಜಾಸ್ತಿ. ಕೆಳಗಿನ ಜಾಗ ದುಬಾರಿಯಾದಷ್ಟೂ ಜನ ಗುಡ್ಡಕ್ಕೆ ಏರುತ್ತಾರೆ. ಆಮೇಲೆ ಅವರಿಗೇ ಒತ್ತುವರಿದಾರರು ಎಂದು ಹೆಸರು.

ಇನ್ನೊಂದು ಕಡೆ, 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದುಹಾಕಿದರು. ರೈತರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಬೆಂಗಳೂರಿನ ದುಡ್ಡು ಗುಡ್ಡದ ನೆತ್ತಿಗೆ ಬಂತು. ವ್ಯೂ ಇರುವ ಜಾಗಕ್ಕೆ ಅವರು ಕೊಡುವ ಬೆಲೆ ಊರಿನ ಮಾಸ್ತರಿಗೆ, ಅಂಗನವಾಡಿ ಟೀಚರಿಗೆ ಎಟುಕುವುದಿಲ್ಲ. ಅಲ್ಲಿ ಜೆಸಿಬಿ ಓಡುವಾಗ ಇಲ್ಲದ ಕಾನೂನು ಇಲ್ಲಿ ಎರಡು ಕೋಣೆ ಸೇರಿಸುವಾಗ ಬರುತ್ತದೆ. ಜನಕ್ಕೆ ಪರಿಸರದ ಹೆಸರು ಕೇಳಿದರೇ ಸಿಟ್ಟು ಬರೋದು ಇದಕ್ಕೇ.

ಶಿವಮೊಗ್ಗ ನಗರದಲ್ಲಿ ಸಮಸ್ಯೆಯ ರೂಪ ಬೇರೆ. 2023ರ ಫೆಬ್ರವರಿಯಲ್ಲಿ ಸೋಗಾನೆ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಆ ದಿಕ್ಕಿನ ಗದ್ದೆಗಳ ಮೇಲೆಲ್ಲ ಕಣ್ಣು ಬಿತ್ತು. ನಾಲೆ ನೀರು ಹರಿಯುವ ಗದ್ದೆ ಮುಚ್ಚಿ ಲೇಔಟ್ ಆಗುತ್ತಿರುವಾಗ, ಎಲ್ಲ ಸೌಕರ್ಯ ಇರುವ ಹಳೇ ಬಡಾವಣೆಗಳಲ್ಲಿ ಖಾಲಿ ಸೈಟಿನಲ್ಲಿ ಪಾರ್ಥೇನಿಯಂ ಬೆಳೆದಿದೆ. ಮನೆ ಕಟ್ಟದೆ ಬೆಲೆ ಏರಲಿ ಎಂದು ಕಾಯುವವರಿಗೆ ತೆರಿಗೆ ಜಾಸ್ತಿ ಮಾಡಬೇಕು. ತುಂಗೆ ನೀರು ನುಗ್ಗದ ಎತ್ತರದ ಬಡಾವಣೆಗಳಲ್ಲಿ ಸಣ್ಣ ಸೈಟಿಗೂ ಮೂರು ಮಹಡಿಗೆ ಸಲೀಸಾಗಿ ಒಪ್ಪಿಗೆ ಕೊಡಬೇಕು. ತಗ್ಗಿನಲ್ಲಿ ಕೊಡಬಾರದು. 2019ರ ಆಗಸ್ಟಿನ ನೆರೆಯನ್ನು ಯಾರೂ ಮರೆತಿಲ್ಲ.

ಹಳ್ಳಿಗಳಿಗೆ ನಾನು ಕೇಳೋದು ಮುಖ್ಯವಾಗಿ ಒಂದು. ಕಂದಾಯ, ಅರಣ್ಯ ಎರಡೂ ಇಲಾಖೆ ಸೇರಿ ಜಂಟಿ ಸರ್ವೆ ಮುಗಿಸಲಿ. ಗಡಿಕಲ್ಲು ನೆಡಲಿ. ಇಷ್ಟು ಕಾಡು, ಇಷ್ಟು ಧರೆ ಅಪಾಯದ ಜಾಗ, ಇಲ್ಲಿ ಮನೆ ಎಂದು ನಕ್ಷೆ ಮಾಡಿ ಪಂಚಾಯಿತಿ ಗೋಡೆಗೆ ಹಾಕಲಿ. ಮನೆ ಎಂದು ಗುರುತಿಸಿದ ಕಡೆ ಐದು ಗುಂಟೆವರೆಗಿನ ಕನ್ವರ್ಷನ್ ಪಂಚಾಯಿತಿ ಮಟ್ಟದಲ್ಲೇ, ಕಡಿಮೆ ಶುಲ್ಕಕ್ಕೆ ಆಗಲಿ. ಕಾಡು ಎಂದು ಗುರುತಿಸಿದ ಕಡೆ ನನಗೂ ಬೇಡ, ರೆಸಾರ್ಟಿಗೂ ಬೇಡ.

ನಿಮ್ಮೂರ ಮುಂದಿನ ಗ್ರಾಮಸಭೆಯಲ್ಲಿ ಜಂಟಿ ಸರ್ವೆ ಯಾವ ಹಂತದಲ್ಲಿದೆ ಎಂದು ಲಿಖಿತವಾಗಿ ಕೇಳಿ. ಸರ್ವೆ ನಂಬರ್ ಹಾಕಿಯೇ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಅದರ ಪ್ರತಿ ತೆಗೆದುಕೊಂಡು ಬನ್ನಿ. ಅರ್ಜಿ ಬರೆಯಲು ಗೊತ್ತಾಗದವರು ನನಗೆ ಮೆಸೇಜ್ ಮಾಡಿ, ಬರೆದುಕೊಡುತ್ತೇನೆ.